ವಾಗ್ದಾನದ ಡಬ್ಬಿ

ನಮ್ಮ ಮಾಲೂರಿನ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಎಲ್ಲರೂ ಒಂದೊಂದು ವಾಗ್ದಾನದ ಚೀಟಿ ಎತ್ತಬೇಕು. ಚೀಟಿ ಮೇಲೆ ಸತ್ಯವೇದದ ಒಂದು ವಚನ ಇರುತ್ತೆ. ಯಾರ ಕೈಗೆ ಯಾವುದು ಬಂತೋ ಅದು ಆ ವರ್ಷ ದೇವರು ಅವರಿಗೆ ಕೊಟ್ಟ ಮಾತು. ಆ ಚೀಟಿಗಳನ್ನ ಬರೆಯೋಳು ನಾನು. ಹಳೇ ಲಗ್ನಪತ್ರಿಕೆ ಕತ್ತರಿಸಿ, ಹಿಂಬದಿಯಲ್ಲಿ ಬರೆದು, ಬಿಸ್ಕತ್ತಿನ ಡಬ್ಬಿಗೆ ತುಂಬೋದು ಎಷ್ಟೋ ವರ್ಷದಿಂದ ನನ್ನ ಸೇವೆ. ಒಂದು ಗುಟ್ಟು ಹೇಳ್ತೀನಿ: ಶಿಕ್ಷೆ, ಸಂಕಟ, ಪಶ್ಚಾತ್ತಾಪ ಇರೋ ವಚನಗಳನ್ನ ನಾನು ಬರೆಯೋದೇ ಇಲ್ಲ. ಒಂದು ಸಲ ಬರೆದಿದ್ದೆ. ಅದು ಬಂದಾಕೆ ಈಸ್ಟರ್‌ವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದಳು.

ಹೋದ ವರ್ಷ ಮಾವಿನ ಕಾಲದಲ್ಲಿ ನಮ್ಮ ಯಜಮಾನರ ಕತ್ತಿನಲ್ಲಿ ಒಂದು ಗಂಟು ಕಾಣಿಸ್ತು. ಕೋಲಾರದ ಡಾಕ್ಟರು ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಹೌದೋ ಅಲ್ಲವೋ ಗುರುವಾರ ಗೊತ್ತಾಗುತ್ತೆ ಅಂದ್ರು. ಗುರುವಾರಕ್ಕೆ ಇನ್ನೂ ಆರು ದಿನ ಇತ್ತು. ನನಗೆ ಅನ್ನ ಸೇರಲಿಲ್ಲ.

ಸಭೆಯ ಹೆಂಗಸರು ಸಮಾಧಾನ ಹೇಳೋಕೆ ಬಂದ್ರು. "ಚಿಂತೆ ಮಾಡೋದು ಅವಿಶ್ವಾಸ ಅಕ್ಕಾ" ಅಂತ ಶುರು ಮಾಡಿ, ಇಂಥದ್ದೇ ಗಂಟು ಬಂದು ತೀರಿಹೋದವರ ಪಟ್ಟಿ ಮುಗಿಸೋ ಹೊತ್ತಿಗೆ ಎರಡು ಸಲ ಕಾಫಿ ಆಗಿತ್ತು. ಶ್ರೀನಿವಾಸಪುರದ ನನ್ನ ನಾದಿನಿ ಒಂದು ಬುಟ್ಟಿ ಮಾವಿನಹಣ್ಣು ತಂದಿಟ್ಟು, ಕಣ್ಣು ಮುಚ್ಚಿ, "ಗಂಟು ಎಡಗಡೆ ಇದೆ ಕರ್ತನೇ, ನಿಂಬೆಹಣ್ಣಿನಷ್ಟಿದೆ ಕರ್ತನೇ" ಅಂತ ದೇವರಿಗೇ ವರದಿ ಒಪ್ಪಿಸಿದಳು. ನಿಂಬೆಹಣ್ಣಿನಷ್ಟು ಎಲ್ಲಿತ್ತು? ಅವರೆಕಾಳಿಗಿಂತ ದೊಡ್ಡದಿರಲಿಲ್ಲ.

ನಮ್ಮ ಯಜಮಾನರು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಆ ಮಾವಿನಹಣ್ಣು ತಿಂದ್ರು, ಮಧ್ಯಾಹ್ನ ಮಲಗಿ ಗೊರಕೆ ಹೊಡೆದ್ರು. "ಎಲ್ಲಾ ಆತನ ಕೈಲಿದೆ, ಬಿಡೇ" ಅನ್ನೋರು. ನನಗೆ ಮೈಯೆಲ್ಲಾ ಉರೀತಿತ್ತು. ಇವರಿಗೋಸ್ಕರ ನಾನು ಒಣಗ್ತಾ ಇದ್ರೆ, ಇವರೊಬ್ಬರಿಗೇ ಈ ಪಾಟಿ ಶಾಂತಿ ಯಾಕೆ ಸಿಗಬೇಕು?

ತಡೀಲಾರದೆ ಡಬ್ಬಿಗೆ ಕೈ ಹಾಕಿದೆ. ಹೊಸ ವರ್ಷದಲ್ಲಿ ಮಿಕ್ಕ ಚೀಟಿಗಳು ಅದರಲ್ಲೇ ಇದ್ವು. ಮೊದಲನೇದು ಮಕ್ಕಳಿಲ್ಲದವಳ ಮಡಿಲು ತುಂಬೋ ವಚನ. ನನಗೆ ಅರವತ್ತೆರಡು ವರ್ಷ. ವಾಪಸ್ ಹಾಕಿ ಇನ್ನೊಂದು ಎತ್ತಿದೆ, ಹೊಲಕ್ಕೆ ಮಳೆ ಬಂತು. ಮತ್ತೊಂದು ಎತ್ತಿದೆ, ಶತ್ರುಗಳು ಸೋತ್ರು. ಬುಧವಾರ ಡಬ್ಬಿಯನ್ನೇ ಮಂಚದ ಮೇಲೆ ಸುರಿದು ಹುಡುಕಿದೆ. ಹೆದರಬೇಡ ಅನ್ನೋ ಚೀಟಿ ಒಂದೂ ಇಲ್ಲ. ಅಂಥವು ಎಷ್ಟೋ ಮಿಕ್ಕಿದ್ದು ನನಗೆ ಚೆನ್ನಾಗಿ ನೆನಪಿತ್ತು. ದೇವರು ಬೇಕಂತಲೇ ತೆಗೆದುಬಿಟ್ಟಿದ್ದಾನೆ ಅನ್ನಿಸಿ ಅತ್ತುಬಿಟ್ಟೆ.

ಗುರುವಾರ ಆಸ್ಪತ್ರೆಯಲ್ಲಿ ವರದಿಗೆ ರಸೀದಿ ಕೇಳಿದ್ರು. ಇವರು ಪ್ಯಾಂಟಿನ ಜೇಬನ್ನೇ ತಡಕ್ತಾ ನಿಂತ್ರು. ನಾನೇ ಇವರ ಅಂಗಿ ಜೇಬಿಗೆ ಕೈ ಹಾಕಿದೆ. ರಸೀದಿ ಜೊತೆ ಲಗ್ನಪತ್ರಿಕೆ ಚೂರುಗಳು ಬಂದ್ವು. ಏಳು ಚೀಟಿ, ಏಳರಲ್ಲೂ ಹೆದರಬೇಡ ಅನ್ನೋದೇ. ಬೆವರಿಗೆ ನನ್ನ ಅಕ್ಷರ ಅರ್ಧ ಅಳಿಸಿಹೋಗಿತ್ತು.

"ಕದ್ದಿದ್ದು ನೀವೇನಾ?" ಅಂದೆ.

"ಭಯ ಆಗ್ತಿತ್ತು ಕಣೇ. ನೀನು ಆಗಲೇ ಊಟ ಬಿಟ್ಟಿದ್ದೆ. ನಾನೂ ಹೆದರಿದೀನಿ ಅಂದ್ರೆ ಏನಾಗ್ತೀಯೋ ಅಂತ ಹೇಳಲಿಲ್ಲ."

"ಮತ್ತೆ ಆ ಗೊರಕೆ?"

"ಸುಮ್ನೆ ಹೊಡೀತಿದ್ದೆ."

ಬೈಯೋಕೆ ಬಾಯಿ ತೆಗೆದ್ರೆ ನಗು ಬಂತು, ಅದರ ಹಿಂದೆಯೇ ಅಳು. ಬೆಂಚಿನ ಮೇಲೆ ಕೂತು ಇವರ ಕೈ ಹಿಡ್ಕೊಂಡೆ. ನನ್ನ ಉದ್ದುದ್ದ ಪ್ರಾರ್ಥನೆ ಸಭೆಯಲ್ಲೆಲ್ಲಾ ಹೆಸರುವಾಸಿ. ಅವತ್ತು ಬಾಯಿಗೆ ಬಂದಿದ್ದು ಇಷ್ಟೇ: ಅಪ್ಪಾ, ಇಬ್ಬರಿಗೂ ಭಯ ಆಗ್ತಿದೆ, ಜೊತೇಲಿರು. ಆರು ದಿನದಲ್ಲಿ ಮೊದಲ ಸಲ ಎದೆ ಹಗುರಾಯ್ತು. ವರದಿ ಇನ್ನೂ ಕೈಗೆ ಬಂದಿರಲಿಲ್ಲ.

ಆಮೇಲೆ ಬಂತು. ಗಂಟು ಕೆಟ್ಟದ್ದಲ್ಲ ಅಂತ ಇತ್ತು. ಭಾನುವಾರ ಇವರು ದೇವರು ಮಾಡಿದ ಉಪಕಾರಕ್ಕೆ ಸಭೆ ಮುಂದೆ ಸಾಕ್ಷಿ ಹೇಳೋಕೆ ಎದ್ದು, "ಆ ಆರು ದಿನವೂ ನಾನು ಒಂದಿಷ್ಟೂ ಹೆದರದೆ ನಿದ್ದೆ ಮಾಡಿದೆ" ಅಂತ ಶುರು ಮಾಡಿದ್ರು. ನಾನು ಹೆಂಗಸರ ಸಾಲಿನಿಂದ ಸಣ್ಣಗೆ ಒಂದು ಗೊರಕೆ ಹೊಡೆದೆ. ಇವರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದ್ರು. ಆಮೇಲೆ ಗಂಟಲು ಸರಿಮಾಡ್ಕೊಂಡು, "ಇಲ್ಲ, ಬಹಳ ಹೆದರಿದ್ದೆ" ಅಂದ್ರು.