ಕೇಳಿದರೆ ಸಿಗದ ಜಾಜಿ ಕಡ್ಡಿ

“ಮಾದಿಹಳ್ಳಿಗೆ ಯಾವ ಕಡೆ ಹೋಗಬೇಕಮ್ಮ?” ಎಂದು ನಾನು ಆ ಬೆಳಿಗ್ಗೆ ಮೂರನೆಯ ಸಲ ಕೇಳುತ್ತಿದ್ದೆ. ಕಾಶಿ, ಕಲ್ಕತ್ತೆಗಳಲ್ಲಿ ತಪ್ಪದ ದಾರಿ ಹಳೇಬೀಡು ದಾಟುತ್ತಲೇ ತಪ್ಪಿತ್ತು. ಏಣಿಯ ಮೇಲೆ ನಿಂತು ಗೋಡೆಗೆ ಸುಣ್ಣ ಬಳಿಯುತ್ತಿದ್ದ ಹೆಂಗಸು ಕೆಳಗೆ ನೋಡಿದಳು.

“ದಾರಿ ಎಲ್ಲೂ ಓಡೋಗಾಕಿಲ್ಲ. ಮೊದ್ಲು ಈ ಬಳ್ಳಿ ಹಿಡ್ಕಳಿ ಅಕ್ಕಾ!”

ಗೋಡೆಯ ತುಂಬ ಜಾಜಿ ಹಬ್ಬಿತ್ತು. ಶಿವರಾತ್ರಿಗೆ ಮನೆ ಬೆಳ್ಳಗಾಗಬೇಕು. ತಾನು ಸಂತೆಯಿಂದ ಬರುವುದರೊಳಗೆ ಆಗದಿದ್ದರೆ ಬಳ್ಳಿಯನ್ನೇ ಕಡಿದುಹಾಕುತ್ತೇನೆಂದು ಅವಳ ಗಂಡ ಹೇಳಿಹೋಗಿದ್ದನಂತೆ. ನಾನು ಬಳ್ಳಿಯನ್ನು ಎರಡು ಕೈಯಲ್ಲೂ ತಬ್ಬಿ, ಗೋಡೆಯಿಂದ ದೂರ ಹಿಡಿದು ನಿಂತೆ. ಅವಳು ಬಳಿದಳು; ಅರ್ಧ ಸುಣ್ಣ ಗೋಡೆಗೆ, ಅರ್ಧ ನನ್ನ ಸೀರೆಗೆ.

ಗಂಡ ಬಂದು ಗೋಡೆಯನ್ನು ನೋಡಿದ, ಅದಕ್ಕಿಂತ ಬೆಳ್ಳಗಾಗಿದ್ದ ನನ್ನನ್ನೂ ನೋಡಿದ.

“ಇವ್ರ್ಯಾರೇ?”

“ದಾರಿ ಕೇಳಕ್ಕೆ ಬಂದೋರು.”

ಅವನು ನಕ್ಕುಬಿಟ್ಟ. ಬಳ್ಳಿ ಉಳಿಯಿತು, ನನಗೆ ದಾರಿಯೂ ತಿಳಿಯಿತು.

ಹೊರಡುವಾಗ, ನೆಡಲು ಒಂದು ಕಡ್ಡಿ ಕೊಡಿ ಎಂದೆ. ಅವಳು ಹೌಹಾರಿದಳು.

“ಕೇಳಿ ತಗಂಡ್ರೆ ಹತ್ತಾಕಿಲ್ಲ ಕಣಕ್ಕಾ, ಕದೀಬೇಕು! ನಾನು ಒಳಗೋಗಿ ನೀರು ತತ್ತೀನಿ.”

ಬಹಳ ಹೊತ್ತು ನೀರು ಬರಲೇ ಇಲ್ಲ. ನಾನು ಕದ್ದೆ.

ಆ ಕಡ್ಡಿ ನನ್ನ ಹಿತ್ತಲಲ್ಲಿ ಹೂ ಬಿಟ್ಟಾಗ, ಈ ಸಾಲ ತೀರಿಸದೆ ಇರಬಾರದು ಎನ್ನಿಸಿತು. ಮುಂದಿನ ಶಿವರಾತ್ರಿಯ ಹೊತ್ತಿಗೆ ಊಟಿಯ ಗುಲಾಬಿ ಗಿಡವೊಂದನ್ನು ಒಯ್ದು, ಅವಳ ಕೈಗೆ ಕೊಡದೆ ಜಗಲಿಯ ಮೇಲಿಟ್ಟು, ರಸ್ತೆಯ ಕಡೆ ತಿರುಗಿ ನಿಂತೆ. ಹಿಂದೆ ಮೆಲ್ಲಗೆ ಬಳೆ ಸದ್ದಾಯಿತು. ಕಳುವಾಗಿದ್ದಕ್ಕೆ ಅಷ್ಟು ನೆಮ್ಮದಿಪಟ್ಟವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.