ವಯೊಲಿನ್ ಮೇಷ್ಟ್ರ ಕಿವಿ ಪರೀಕ್ಷೆ

ಜಪಾನಿನ ಸೆಂಡಾಯ್‌ನ ನಮ್ಮ ಲ್ಯಾಬಿಗೆ ಕಿವಿ ಪರೀಕ್ಷೆಗೆ ಒಬ್ಬ ವಯೊಲಿನ್ ಮೇಷ್ಟ್ರು ಬಂದಿದ್ದರು. ಆರ್ಕೆಸ್ಟ್ರಾದಲ್ಲಿ ಆಯುಸ್ಸು ಸವೆಸಿ, ಈಗ ಮಕ್ಕಳಿಗೆ ಕಲಿಸುವವರು. "ಬೀಪ್ ಕೇಳಿಸಿದಾಗೆಲ್ಲ ಗುಂಡಿ ಒತ್ತಿ" ಅಂದೆ. ಒಂದೂ ಬಿಡದೆ ಒತ್ತಿದರು. ಈ ವಯಸ್ಸಲ್ಲಿ ಎಂಥ ಕಿವಿ ಅಂದುಕೊಂಡೆ. ನೋಡಿದರೆ, ನಾನು ಸದ್ದು ಪೂರ್ತಿ ನಿಲ್ಲಿಸಿದ ಮೇಲೂ ಒತ್ತುತ್ತಲೇ ಇದ್ದಾರೆ!

"ಸೆನ್ಸೇ, ಸುಮಿಮಾಸೆನ್," ಅಂತ ಮೇಷ್ಟ್ರ ಕ್ಷಮೆ ಕೇಳಿದೆ. "ಕೊನೆಯಲ್ಲಿ ಬೀಪ್ ಇರಲೇ ಇಲ್ಲ."

ಅವರು ತಮ್ಮ ಬೆರಳನ್ನೇ ನೋಡಿಕೊಂಡರು. "ನಿಮ್ಮ ಯಂತ್ರ ಒಂದೇ ಲಯದಲ್ಲಿ ಕೊಡುತ್ತಿತ್ತಲ್ಲ, ಕೈ ತಾನಾಗೇ ಎಣಿಸಿದೆ. ಆದರೆ ನನಗೆ ಕೇಳಿಸಿತು, ನಿಜವಾಗಿ." ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದರೆ ಇಷ್ಟು ವರ್ಷ ಮಕ್ಕಳಿಗೆ ಮೇಲಿನ ಸ್ವರ ಚೆನ್ನಾಗಿದೆ ಅಂದೆನಲ್ಲ, ಅದೂ ಹೀಗೇನಾ?"

ನಿಯಮದಂತೆ, ಸದ್ದಿಲ್ಲದಾಗ ಒತ್ತಿದ್ದನ್ನೆಲ್ಲ ತಪ್ಪು ಅಂತ ಗುರುತು ಹಾಕಿದೆ. ಅದರಲ್ಲಿ ಒಂದೂ ತಾಳ ತಪ್ಪಿರಲಿಲ್ಲ.