ಮೂಗು ತುರಿಸಿಕೊಳ್ಳದ ವಿದ್ಯೆ

ಎರಡೂ ಕೈ ಹಿಟ್ಟಿನಲ್ಲಿದ್ದಾಗಲೇ ಮೂಗಿನ ತುದಿಗೆ ತುರಿಕೆ ಹತ್ತುತ್ತದೆ. ನಾನಾದರೆ ತೋಳಿನಿಂದಲೋ ಸೆರಗಿನಿಂದಲೋ ಉಜ್ಜಿಕೊಂಡು ಚಪಾತಿ ಮುಂದುವರಿಸುತ್ತೇನೆ. ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ಆದರೆ ಇದೇ ತುರಿಕೆ ನಮ್ಮ ಮನೆಯ ಹುಡುಗಿಯೊಬ್ಬಳ ಡಾಕ್ಟರಿಕೆಗೇ ಅಡ್ಡ ಬಂದಿತ್ತು ಎಂದರೆ ನೀವು ನಂಬಬೇಕು.

ಹುಡುಗಿ ನನ್ನ ನಾದಿನಿ ಸುಧಾ. ಬಳ್ಳಾರಿಯಲ್ಲಿ ಎಂ.ಬಿ.ಬಿ.ಎಸ್. ಕೊನೆಯ ವರ್ಷ. ಡಾಕ್ಟರರು ಹೇಗೆ ತಯಾರಾಗುತ್ತಾರೆ ಎಂಬುದನ್ನು ನಾನು ಕಲಿತದ್ದು ಅವಳು ಶನಿವಾರದ ಬಸ್ಸಿಗೆ ಹೊಸಪೇಟೆಗೆ ಬಂದಾಗಲೆಲ್ಲ. ಮೊದಮೊದಲು ನನ್ನ ಮುಂಗೈ ಹಿಡಿದು ಎಲುಬುಗಳ ಹೆಸರು ಒಪ್ಪಿಸಿದಳು. ಆಮೇಲೆ ಓದಿದ ರೋಗವೆಲ್ಲ ತನಗೇ ಇದೆ ಎಂದು ಹೆದರಿ ಊಟ ಬಿಟ್ಟಳು. ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ಒಳಗಿನ ಸದ್ದು ಕೇಳುವ ಪಾಠ ಬಂದಾಗ, ಕಲ್ಲಂಗಡಿ ಆರಿಸುವವರಂತೆ ನಮ್ಮೆಲ್ಲರನ್ನೂ ತಟ್ಟಿ ನೋಡಿದಳು. ಓದಿನಲ್ಲಿ ಎಲ್ಲೂ ತೊಡಕಿಲ್ಲ. ಎಡವಿದ್ದು ಆಪರೇಷನ್ ಥಿಯೇಟರಿನಲ್ಲಿ.

ಅಲ್ಲಿ ಕೈಯನ್ನು ಉಗುರಿನಿಂದ ಮೊಣಕೈವರೆಗೆ ತಿಕ್ಕಿ ತೊಳೆದು, ಎದೆಯ ಮುಂದೆ ಎತ್ತಿ ಹಿಡಿದು, ಬೇಡದ್ದನ್ನು ಸೋಕದೆ ನಿಲ್ಲಬೇಕಂತೆ. ಸುಧಾ ಒಮ್ಮೆ ಮೂಗು ತುರಿಸಿಕೊಂಡಳು. ಇನ್ನೊಮ್ಮೆ ಜಾರಿದ ಕನ್ನಡಕವನ್ನು ಮೇಲೇರಿಸಿದಳು. ಎರಡೂ ಸಲ ಥಿಯೇಟರ್ ಸಿಸ್ಟರ್ ಹೊರಗೆ ಕಳಿಸಿದರು. ಮತ್ತೊಮ್ಮೆ ಹೀಗಾದರೆ ಸರ್ಜರಿ ವಿಭಾಗದ ತರಬೇತಿಯ ಸರದಿಯನ್ನೇ ಮೊದಲಿನಿಂದ ಮಾಡಬೇಕು, ಈ ಸಲ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟರು.

ಆ ಶನಿವಾರ ಹಿತ್ತಲಿನ ಕಟ್ಟೆಯ ಮೇಲೆ ಕೂತು ಅವಳು ಅಳುತ್ತಿದ್ದಳು. ನಮ್ಮತ್ತೆ ಗಳದ ಮೇಲೆ ಒಣಗಿದ ಮಡಿಸೀರೆಯನ್ನು ಕೈ ಹಚ್ಚದೆ ಕೋಲಿನಿಂದ ಇಳಿಸುತ್ತಿದ್ದರು.

“ಏನು ಮುಟ್ಟಿದಿ?” ಎಂದು ಮಗಳನ್ನು ಕೇಳಿದರು.

“ಮೂಗು, ಅಮ್ಮಾ.”

“ಕೈ ತೊಳಕೊಂಡ ಮ್ಯಾಲೆ?”

“ಹೂಂ.”

“ಮತ್ತ ಆಕಿ ಹೊರಗ ಹಾಕಿದ್ದು ಬರೋಬ್ಬರಿ ಅದ. ನಾನಾಗಿದ್ರ ತಲಿ ಮ್ಯಾಲೆ ನೀರು ಸುರೀತಿದ್ದೆ.”

ಸುಧಾ ಅಳು ನಿಲ್ಲಿಸಿ ಆ ಕೋಲನ್ನೇ ನೋಡಿ ನನ್ನತ್ತ ತಿರುಗಿದಳು. “ವೈನೀ, ಅಲ್ಲೀನೂ ಹಿಂಗ ನೋಡ್ರಿ! ಕುದಿಸಿದ ಸಾಮಾನು ಬರೇ ಕೈಲೆ ಮುಟ್ಟೂ ಹಂಗಿಲ್ಲ. ಉದ್ದನ್ನ ಇಕ್ಕಳದಾಗ ತೆಗೀತಾರ!”

ಅತ್ತೆಗೆ ಮೆಡಿಕಲ್ ಓದಿನ ಮೇಲೆ ಅಂದೇ ಮೊದಲ ಸಲ ಗೌರವ ಹುಟ್ಟಿತು. ಮರುದಿನ ಬೆಳಿಗ್ಗೆಯೇ ಪಾಠ ಶುರು. ಬಚ್ಚಲಿನಿಂದ ಅಡುಗೆಮನೆಯವರೆಗೆ ತೊಳೆದ ಕೈ ಎತ್ತಿಕೊಂಡು ಬರಬೇಕು. ನಡುವೆ ಸುತ್ತಿಡದ ಹಾಸಿಗೆ, ನೇತಾಡುವ ಟವೆಲ್ಲು, ನನ್ನಿಬ್ಬರು ಮಕ್ಕಳು. ಹಂಪಿ ಬಜಾರಿನಲ್ಲಿ ಹೊಳೆಯಿಂದ ಕೊಡ ಹೊತ್ತು ಬರುವ ಅರ್ಚಕರನ್ನು ನೀವು ನೋಡಿರಬೇಕು. ಕ್ಯಾಮೆರಾ ಹಿಡಿದ ಪರದೇಶದವರು, ಬಾಳೆಹಣ್ಣಿಗೆ ಹೊಂಚುವ ಕೋತಿಗಳು, ದಾರಿ ಬಿಡದ ಆಕಳು, ಎಲ್ಲದರ ನಡುವೆ ಗಾಳಿಯ ಹಾಗೆ ನುಸುಳಿ ಬಂದುಬಿಡುತ್ತಾರೆ. ಅತ್ತೆಗೆ ಬೇಕಾದದ್ದು ಆ ನಡಿಗೆ. ನನ್ನ ಪಾಲಿಗೆ ಬಂದ ಕೆಲಸ ಅಡ್ಡಡ್ಡ ಓಡಾಡುವುದು. ಕಾನ್ವೆಂಟಿನಿಂದ ನೇರವಾಗಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು; ಮಡಿಗೆ ಅಡ್ಡ ಬರುವುದರಲ್ಲಿ ನನ್ನಷ್ಟು ಅನುಭವ ಇಲ್ಲಿ ಇನ್ನಾರಿಗೂ ಇರಲಿಲ್ಲ.

“ಅಮ್ಮಾ, ಮೂಗು ತುರಸ್ಲಿಕತ್ತದ!”

“ತುರಸ್ಲಿ ಬಿಡು. ಎಲ್ಲಿ ಓಡಿ ಹೋಗ್ತದ ಮೂಗು? ಮನಸಿನಾಗ ಏನರೆ ಅಂದುಕೋ.”

“ಏನಂತ ಅಂದುಕೊಳ್ಳಲಿ?”

“ನಾ ದೇವರ ಹೆಸರು ಅಂತೀನಿ. ನೀ ನಿನ್ನ ಎಲುಬಿನ ಹೆಸರು ಅನ್ನು.”

ಮುಂದಿನ ಶನಿವಾರ ಸುಧಾ ಬಸ್ಸಿಳಿದವಳು ಓಡುತ್ತಲೇ ಬಂದಳು. ಒಂದು ಆಪರೇಷನ್ ಮುಗಿಯುವ ತನಕ ಥಿಯೇಟರಿನಲ್ಲಿ ನಿಂತಿದ್ದಳು, ಸರದಿ ಮುಗಿಯಿತು, ಪರೀಕ್ಷೆಗೆ ಕೂರಬಹುದು! “ಸಿಸ್ಟರ್ ಏನಂದ್ರು?” ಎಂದೆ. “ಏನೂ ಅನ್ನಲಿಲ್ಲ ವೈನಿ.” ಕಾನ್ವೆಂಟಿನಲ್ಲಿ ಓದಿದ ನನಗೆ ಅರ್ಥವಾಯಿತು, ಸಿಸ್ಟರುಗಳು ಹೊಗಳುವುದೇ ಹಾಗೆ.

ಅತ್ತೆ ಆಗ ಮಡಿಯುಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. “ಆಪರೇಷನ್ ಮಾಡಿಸಿಕೊಂಡವರು ಯಾರ ಪೈಕಿ?”

“ಕಂಪ್ಲಿ ಕಡೆ ಹೆಣ್ಮಗಳು. ಯಾರ ಪೈಕಿ ಅಂತ ಯಾರಿಗೆ ಗೊತ್ತಮ್ಮಾ! ಮೈತುಂಬ ಬಟ್ಟಿ ಹೊಚ್ಚಿದ್ರು, ಹೊಟ್ಟಿ ಇಷ್ಟಗಲ ಕಾಣ್ತಿತ್ತು. ಜಾತಿ ಹೊಟ್ಟಿ ಮ್ಯಾಲೆ ಬರದಿರ್ತದೇನು?”

“ಅಷ್ಟೆಲ್ಲ ಮಡಿ ಮಾಡಿ, ಕಡೀಗೆ ಆಕೀನ್ನ ಮುಟ್ಟಿದಿ?”

“ಮುಟ್ಟಲಿಕ್ಕೇ ಅಲ್ಲೇನಮ್ಮಾ, ಅಷ್ಟು ಮಡಿ?”

ಅತ್ತೆ ಒಳಗೆ ಹೋಗಿ ಕುದಿಯುತ್ತಿದ್ದ ಸಾರನ್ನು ಒಲೆಯಿಂದ ಇಳಿಸಿದರು. ಆಮೇಲೆ ಹೊಸ್ತಿಲು ದಾಟಿ ಬಂದು, ಬಸ್ಸಿನ ಧೂಳು ಮೆತ್ತಿದ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡರು.

ನಾನು ಬಾಯಿ ಬಿಟ್ಟು ನಿಂತಿದ್ದೆ. “ಏನು ನೋಡ್ತಿ?” ಎಂದು ನನ್ನನ್ನು ಗದರಿದರು. “ಇನ್ನೊಂದು ಸ್ನಾನ ಮಾಡಿದ್ರಾತು. ನೀರಿಗೇನು ಬರ ಬಂದದ? ಕಾಲುವಿ ತುಂಬಿ ಹರೀಲಿಕತ್ತದ!”

ಬಚ್ಚಲೊಲೆ ಹೊತ್ತಿಸಲು ಹೋದೆ. ಹಸಿ ಕಟ್ಟಿಗೆ, ಕಣ್ತುಂಬ ಹೊಗೆ. ಆದರೂ ಅಷ್ಟು ಸಂತೋಷದಿಂದ ನಾನು ಈ ಮನೆಯಲ್ಲಿ ಎಂದೂ ಒಲೆ ಊದಿರಲಿಲ್ಲ.